ಬ್ಯಾಂಕಾಕಿನಲ್ಲಿ ನನ್ನ ಇಂಗ್ಲಿಷು

ಚಳ್ಳಕೆರೆಯಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದ ಮೇಲೆ ನನಗೆ ಉಳಿದಿದ್ದ ಆಸ್ತಿಯೆಂದರೆ ಆ ಇಂಗ್ಲಿಷಿನ ಹೆಸರೊಂದೇ. ಬ್ಯಾಂಕಿನ ಕಾಗದ, ಪಾಸ್‌ಪೋರ್ಟಿನ ಅರ್ಜಿ, ಔಷಧಿ ಡಬ್ಬಿಯ ಮೇಲಿನ ಸಣ್ಣಕ್ಷರ, ಏನೇ ಬಂದರೂ ಊರವರು "ಮೇಷ್ಟ್ರ ಹತ್ರ ತಗಂಡೋಗು" ಎನ್ನುತ್ತಿದ್ದರು. ಹಾಗಾಗಿ ಇಬ್ಬರು ಗೆಳೆಯರ ಜೊತೆ ಬ್ಯಾಂಕಾಕಿಗೆ ಹೊರಟಾಗ, ಮಾತಿನ ಹೊಣೆಯೆಲ್ಲ ನನ್ನದು ಎಂದು ಯಾರೂ ಕೇಳದೆಯೇ ಘೋಷಿಸಿಬಿಟ್ಟೆ.

ಗೆಳೆಯರಲ್ಲಿ ಒಬ್ಬ ಮೊಳಕಾಲ್ಮೂರಿನ ನೇಕಾರ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ವಿಮಾನ ಹತ್ತದೆ ಸಾಯಬಾರದು ಎಂಬ ಹಠ ಅವನದೇ. ಇನ್ನೊಬ್ಬ ನನ್ನಿವಾಳದ ಕುರಿ ದಲ್ಲಾಳಿ. ಹೆಗಲ ಮೇಲಿನ ಟವೆಲನ್ನು ಕೈಗಳ ಮೇಲೆ ಹೊದಿಸಿ, ಒಳಗೇ ಬೆರಳು ಹಿಡಿದು ಕುರಿಯ ಬೆಲೆ ಕುದುರಿಸುವುದು ಅವನ ಕಸುಬು. ಒಂದೊಂದು ಬೆರಳಿಗೆ ಒಂದೊಂದು ಲೆಕ್ಕ. ಸುತ್ತ ನಿಂತವರಿಗೆ ಬೆಲೆ ತಿಳಿಯುವುದಿಲ್ಲ. ಯಾರು ಎಷ್ಟು ಇಳಿದರು ಎಂಬುದೂ ತಿಳಿಯುವುದಿಲ್ಲ. ವಿಮಾನ ನಿಲ್ದಾಣಕ್ಕೂ ಅವನು ಆ ಟವೆಲ್ ಹಾಕಿಕೊಂಡೇ ಬಂದಿದ್ದ.

"ಅದನ್ನ ಬ್ಯಾಗಿನಾಗೆ ಇಡಲೇ. ಅಲ್ಲಿ ಹೋದ್ಮ್ಯಾಲೆ ಬಾಯಿ ಬಿಡಬ್ಯಾಡ, ನನ್ ಮರ್ಯಾದೆ ಹೋಗ್ತೈತೆ," ಎಂದು ನಾಲ್ಕು ಜನರ ಮುಂದೆಯೇ ಗದರಿದೆ. ಆಗ ಅದು ನನಗೆ ತಪ್ಪೆನಿಸಲಿಲ್ಲ. ಅವನು "ಆತು ಮೇಷ್ಟ್ರೆ" ಎಂದ. ಟವೆಲ್ ಮಾತ್ರ ತೆಗೆಯಲಿಲ್ಲ.

ನಮ್ಮಷ್ಟಕ್ಕೆ ನಾವು ಊರು ನೋಡಲು ಟೂರಿನವರು ಕೊಟ್ಟಿದ್ದು ಒಂದೇ ದಿನ. ಬೆಳಗ್ಗೆ ನಮ್ಮ ಆಟೋದಂಥ ಗಾಡಿಯೊಂದನ್ನು ನಿಲ್ಲಿಸಿ, ಮಲಗಿರುವ ಬುದ್ಧನ ದೇವಸ್ಥಾನಕ್ಕೆ ಕರೆದೊಯ್ಯಬೇಕೆಂದು ಶುದ್ಧ ಇಂಗ್ಲಿಷಿನಲ್ಲಿ, ಸಾಕಷ್ಟು ಉದ್ದವಾಗಿಯೇ ವಿನಂತಿಸಿದೆ. ಗಾಡಿಯವನು ಸಂತೋಷದಿಂದ ತಲೆಯಾಡಿಸಿ ನಮ್ಮನ್ನು ಸೂಟು ಹೊಲಿಯುವ ಅಂಗಡಿಯ ಮುಂದೆ ಇಳಿಸಿ ಹೋದ. ಒಳಗಿದ್ದವನು ಟೇಪು ಹಿಡಿದು ಓಡಿಬಂದು ನೇಕಾರನ ಎದೆಯಳತೆ ತೆಗೆದೇಬಿಟ್ಟ.

"ಬುದ್ಧ ಎಲ್ಲಿ ಮೇಷ್ಟ್ರೆ?" ಎಂದ ದಲ್ಲಾಳಿ.

"ಇದೂ ನೋಡೋ ಜಾಗನೇ ಕಣಲೇ. ಟೂರಿನೋರು ಕೊಟ್ಟ ಪುಸ್ತಕದಾಗೆ ಐತೆ," ಎಂದೆ.

ನೇಕಾರ ಅಲ್ಲಿನ ರೇಷ್ಮೆಯನ್ನು ಹೆಬ್ಬೆರಳಲ್ಲಿ ಉಜ್ಜಿ, "ಅಯ್ಯೋ ದೇವುಡಾ, ಪಾಲಿಸ್ಟರ್!" ಎಂದು ಮುಖ ಕಿವಿಚಿದ. ಹೊರಗೆ ಬಂದು ಹಣ್ಣು ಮಾರುವ ಹೆಂಗಸನ್ನು ದಾರಿ ಕೇಳಿದೆ. ಅವಳು ಕೈ ತಿರುಗಿಸುತ್ತಾ ತುಂಬ ಹೊತ್ತು ಹೇಳಿದಳು. ನನಗೆ ಒಂದಕ್ಷರವೂ ತಿಳಿಯಲಿಲ್ಲ, ಆದರೆ ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. "ಎಡಕ್ಕೆ ಹೋಗಿ ಅಂತಾಳೆ," ಎಂದು ಧೈರ್ಯವಾಗಿ ಅನುವಾದಿಸಿದೆ. ಅರ್ಧ ಗಂಟೆ ಬಿಸಿಲಲ್ಲಿ ಎಡಕ್ಕೆ, ಮತ್ತೆ ಎಡಕ್ಕೆ ನಡೆದು ಅದೇ ಸೂಟಿನ ಅಂಗಡಿಗೆ ಬಂದು ನಿಂತೆವು. ಟೇಪಿನವನು ನೆಂಟರನ್ನು ಕಂಡಂತೆ ಕೈಮುಗಿದ. ನೇಕಾರ ನನ್ನನ್ನು ಒಂದು ಥರಾ ನೋಡಿದ. ಈ ಕಥೆ ಊರು ಮುಟ್ಟಿದರೆ ನನ್ನ ಗತಿಯೇನು ಎಂದು ನಿಜಕ್ಕೂ ಹೆದರಿಕೆಯಾಯಿತು.

ಬುದ್ಧನನ್ನು ಕೊನೆಗೂ ನೋಡಿದೆವು. ದಲ್ಲಾಳಿ ಇನ್ನೊಬ್ಬ ಗಾಡಿಯವನ ಮುಂದೆ ಕಣ್ಣು ಮುಚ್ಚಿ, ಅಂಗೈ ಮೇಲೆ ತಲೆಯಿಟ್ಟು ಮಲಗಿದವನಂತೆ ನಟಿಸಿ, ಆಮೇಲೆ ಕೈಮುಗಿದು ತೋರಿಸಿದ. ಗಾಡಿ ನೇರ ದೇವಸ್ಥಾನದ ಬಾಗಿಲಿಗೇ ಹೋಯಿತು. ಬುದ್ಧನ ಅಂಗಾಲೇ ನಮಗಿಂತ ಎತ್ತರ.

ಸಂಜೆ ಪೇಟೆಗೆ ಹೋದೆವು. ಹೆಂಡತಿಗೆ ಒಂದು ಬ್ಯಾಗು ಬೇಕಿತ್ತು. "ಈ ವಸ್ತುವಿನ ಅಂತಿಮ ಬೆಲೆಯನ್ನು ದಯವಿಟ್ಟು ತಿಳಿಸುವಿರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅಂಗಡಿಯ ಮುದುಕ ಮಾತಾಡದೆ ಕ್ಯಾಲ್ಕುಲೇಟರ್ ಒತ್ತಿ ನನ್ನ ಮುಂದೆ ಹಿಡಿದ. ನಾನು ಇನ್ನೊಂದು ವಾಕ್ಯ ಹೇಳಿದೆ. ಅವನು ಅದೇ ಅಂಕಿಯನ್ನು ನನ್ನ ಮೂಗಿನ ಹತ್ತಿರ ತಂದ. ಮೂರನೇ ವಾಕ್ಯಕ್ಕೆ ಬ್ಯಾಗನ್ನು ನನ್ನ ಕೈಯಿಂದ ಕಿತ್ತುಕೊಂಡು ಮೊಳೆಗೆ ನೇತುಹಾಕಿದ.

ದಲ್ಲಾಳಿ ನನ್ನನ್ನು ಮೆಲ್ಲಗೆ ಸರಿಸಿ ಮುಂದೆ ಬಂದು, ಮುದುಕನ ಕೈ ಹಿಡಿದು ಟವೆಲ್ ಹೊದಿಸಿದ. ಮುದುಕ ಕೈ ಕಿತ್ತುಕೊಂಡು ಕೂಗಿಕೊಂಡ. ಅಕ್ಕಪಕ್ಕದ ಅಂಗಡಿಯವರು ಸೇರಿದರು. ಪೊಲೀಸರಿಗೆ ಹೇಳಬೇಕಾದ ಇಂಗ್ಲಿಷ್ ವಾಕ್ಯವನ್ನು ನಾನು ಆಗಲೇ ಮನಸ್ಸಿನಲ್ಲಿ ಕಟ್ಟತೊಡಗಿದ್ದೆ. ದಲ್ಲಾಳಿ ಮಾತ್ರ ನಗುನಗುತ್ತಾ ಕ್ಯಾಲ್ಕುಲೇಟರಿನಲ್ಲಿ ಮೂರು ಒತ್ತಿ, ಮುದುಕನ ಮೂರು ಬೆರಳು ಹಿಡಿದ. ನಾಲ್ಕು ಒತ್ತಿ, ನಾಲ್ಕು ಬೆರಳು ಹಿಡಿದ. ಮುದುಕನ ಹುಬ್ಬು ಮೇಲೇರಿತು. ಈ ಸಲ ಅವನಾಗಿಯೇ ಕೈ ಚಾಚಿದ. ಟವೆಲಿನ ಕೆಳಗೆ ಏನು ನಡೆಯಿತೋ, ಮುದುಕ ಅಳುಮೋರೆ ಮಾಡಿದ, ಇವನು ಆಕಾಶ ನೋಡಿದ, ಆಮೇಲೆ ಇಬ್ಬರೂ ನಕ್ಕು ತಲೆಯಾಡಿಸಿದರು.

"ಎಷ್ಟಕ್ಕಾತಲೇ?" ಎಂದೆ.

"ಅದೆಲ್ಲಾ ಯಾಕ್ರಿ, ಪರ್ಸ್ ಕೊಡ್ರಿ ಇಲ್ಲಿ," ಎಂದ. ಕೊಳ್ಳುವವನು ನಾನು, ಬೆಲೆ ನನಗೂ ಗೊತ್ತಾಗಲಿಲ್ಲ.

ಹೋಟೆಲಿಗೆ ಬಂದು ನಾನು ಮುಖ ತೊಳೆಯುತ್ತಿದ್ದಾಗ ನೇಕಾರನ ಮೊಬೈಲಿಗೆ ಮೊಳಕಾಲ್ಮೂರಿನಿಂದ ವಿಡಿಯೋ ಕಾಲ್ ಬಂತು. ಅವನ ಸೊಸೆ. ಮದುವೆಗೆ ಮುಂಚೆ ಚಳ್ಳಕೆರೆಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು.

"ಅಲ್ಲಿ ಮಾತುಕತೆಗೆಲ್ಲ ಏನ್ ಮಾಡ್ತೀರಿ?" ಎಂದಳು.

ನಾನು ನಲ್ಲಿ ನಿಲ್ಲಿಸಿ ಕಿವಿಗೊಟ್ಟೆ. ನೇಕಾರ ಗಂಟಲು ಸರಿಮಾಡಿಕೊಂಡಿದ್ದು ಕೇಳಿಸಿತು. ಅಷ್ಟರಲ್ಲಿ ದಲ್ಲಾಳಿ ಬಾಯಿ ಹಾಕಿದ: "ಮೇಷ್ಟ್ರು ಅದಾರಲ್ಲವ್ವ! ಅವ್ರು ಇಂಗ್ಲಿಷ್ ಮಾತಾಡಿದ್ರೆ ಇಲ್ಲಿನೋರು ಎದ್ದು ನಿಂತ್ಕಂತಾರೆ."

ನನಗೆ ನಾಚಿಕೆಯಾಯಿತು. ತಡೆಯಲಾರದೆ ಸೋಪಿನ ಮುಖದಲ್ಲೇ ಹೊರಗೆ ಬಂದೆ. "ಸುಳ್ಳಮ್ಮ. ನನ್ನ ಇಂಗ್ಲಿಷ್ ಇಲ್ಲಿ ಮೂರು ಕಾಸಿಗೂ ನಡೀಲಿಲ್ಲ. ದಾರಿ ಕಂಡಿದ್ದೂ ಇವನೇ, ವ್ಯಾಪಾರ ಮಾಡಿದ್ದೂ ಇವನೇ," ಎಂದೆ.

"ನೋಡವ್ವ, ಮೇಷ್ಟ್ರು ಹಿಂಗೇ. ಒಂಚೂರೂ ದೊಡ್ಡಸ್ತಿಕೆ ಇಲ್ಲ," ಎಂದ ದಲ್ಲಾಳಿ.

"ಹೌದು, ಸರ್ ಕ್ಲಾಸಿನಾಗೂ ಹಂಗೇ ಇದ್ರು," ಎಂದು ಅವಳು ನಕ್ಕಳು.

ಕ್ಲಾಸಿನಲ್ಲಿ ನಾನು ಹಾಗಿರಲಿಲ್ಲ. ಒಂದೇ ಒಂದು ತಪ್ಪು ಇಂಗ್ಲಿಷ್ ವಾಕ್ಯಕ್ಕೆ ಆ ಹುಡುಗಿಯನ್ನು ಇಡೀ ಪಿರಿಯಡ್ ಬೆಂಚಿನ ಮೇಲೆ ನಿಲ್ಲಿಸಿದ್ದೆ. ಅದು ಅವಳಿಗೂ ನೆನಪಿತ್ತು, ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು.