ಒಂಬತ್ತನೇ ಹಾಸಿಗೆಯ ಚೀಟಿಗಳು

ದೆಹಲಿಯಲ್ಲಿ ನರ್ಸ್ ಅಂದರೆ ಮಲಯಾಳಿ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದ ಕಾಲ ಅದು. ನಾನು ತಿಪಟೂರು ಕಡೆಯವಳು ಎಂದು ಎಷ್ಟು ಸಲ ಹೇಳಿದರೂ ದೊಡ್ಡ ಡಾಕ್ಟರಿಂದ ಹಿಡಿದು ಲಿಫ್ಟಿನ ಭಯ್ಯಾವರೆಗೆ ಎಲ್ಲರೂ ಓಣಂ ದಿನ ನನಗೆ ಶುಭಾಶಯ ಹೇಳುತ್ತಿದ್ದರು. ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಥ್ಯಾಂಕ್ಸ್ ಎಂದು ಸುಮ್ಮನಾಗುತ್ತಿದ್ದೆ. ಓಖ್ಲಾ ಕಡೆಯ ಒಂದು ಖಾಸಗಿ ಆಸ್ಪತ್ರೆ. ಅದರ ಐಸಿಯುನಲ್ಲಿ ನನಗೆ ಆಗ ನಾಲ್ಕು ವರ್ಷದ ಅನುಭವ, ವಯಸ್ಸು ಇಪ್ಪತ್ತಾರು. ನನಗೆ ಕನ್ನಡ ಬರುತ್ತದೆ ಎಂಬುದು ಅಲ್ಲಿ ಯಾರಿಗೂ ಬೇಕಾಗದ ಸಂಗತಿಯಾಗಿತ್ತು, ಒಂಬತ್ತನೇ ಹಾಸಿಗೆಗೆ ಆ ಅಮ್ಮ ಬರುವ ತನಕ.

ಅರವತ್ತು ದಾಟಿದ ಹೆಂಗಸು. ನ್ಯುಮೋನಿಯಾ ಎರಡೂ ಶ್ವಾಸಕೋಶ ಹಿಡಿದಿತ್ತು. ಗಂಡ ಕೇಂದ್ರ ಸರ್ಕಾರದ ಕೆಲಸದಿಂದ ನಿವೃತ್ತರಾದವರು. ಇಬ್ಬರೇ ರೋಹಿಣಿಯಲ್ಲಿದ್ದರು, ಒಬ್ಬನೇ ಮಗ ಗ್ರೇಟರ್ ನೋಯ್ಡಾದಲ್ಲಿ. ಹತ್ತು ದಿನ ಬಾಯಿಯ ಮೂಲಕ ಕೊಳವೆ ಹಾಕಿ ವೆಂಟಿಲೇಟರ್ ಮೇಲಿಟ್ಟಿದ್ದರು. ಹನ್ನೊಂದನೆಯ ದಿನ ಕತ್ತಿನ ಮುಂದೆ ತೂತು ಮಾಡಿ ಕೊಳವೆಯನ್ನು ಅಲ್ಲಿಗೆ ಬದಲಾಯಿಸಿ, ನಿದ್ದೆಯ ಔಷಧಿ ಇಳಿಸಿದರು. ಅಮ್ಮ ಕಣ್ಣು ಬಿಟ್ಟರು. ಕತ್ತಿನಲ್ಲಿ ಕೊಳವೆಯಿದ್ದರೆ ಗಂಟಲಿಗೆ ಗಾಳಿ ಹೋಗುವುದಿಲ್ಲ, ದನಿ ಹೊರಡುವುದಿಲ್ಲ. ತುಟಿ ಮಾತ್ರ ಅಲ್ಲಾಡುತ್ತದೆ. ಬೇರೆ ಸಿಸ್ಟರುಗಳು ಆ ತುಟಿ ನೋಡಿ ಹಿಂದಿಯಲ್ಲಿ ನೋವಾ, ನಿದ್ದೆಯಾ ಎಂದು ಕೇಳಿ ಕೇಳಿ ಸೋತರು. ಕೊನೆಗೆ ಯಾರೋ ಒಂದು ಹಳೇ ಚಾರ್ಟಿನ ಹಿಂಬದಿಯನ್ನೂ ಪೆನ್ಸಿಲನ್ನೂ ಕೈಗೆ ಕೊಟ್ಟರು. ಅವರು ಬರೆದದ್ದನ್ನು ನಮ್ಮ ಇನ್‌ಚಾರ್ಜ್ ಸಿಸ್ಟರ್ ಹಿಡಿದುಕೊಂಡು ಬಂದು, "ನೋಡು, ಇದು ತೆಲುಗೋ ಏನೋ" ಎಂದರು.

ಅದು ತೆಲುಗಲ್ಲ. "ಇವರು ಊಟ ಮಾಡಿದರಾ?" ಎಂದು ಸೊಟ್ಟ ಅಕ್ಷರಗಳಲ್ಲಿ ಬರೆದಿತ್ತು.

ಹನ್ನೊಂದು ದಿನ ಸಾವಿನ ಬಾಗಿಲಲ್ಲಿದ್ದು ಬಂದ ಹೆಂಗಸಿನ ಮೊದಲ ಪ್ರಶ್ನೆ ಇದು! ನನಗೆ ನಗುವೂ ಬಂತು, ಸಿಟ್ಟೂ ಬಂತು. ಹಾಸಿಗೆಯ ಹತ್ತಿರ ಬಗ್ಗಿ, "ನಾನು ಕನ್ನಡದವಳೇ ಅಮ್ಮಾ, ಕೇಳ್ಕೊಂಡು ಬಂದು ಹೇಳ್ತೀನಿ" ಎಂದೆ. ಅವರ ಕಣ್ಣೀರು ಎರಡೂ ಕಿವಿಯೊಳಕ್ಕೆ ಇಳಿಯಿತು. ಒರೆಸಿದೆ. ಅವತ್ತಿನಿಂದ ಅವರ ಚೀಟಿಗಳಲ್ಲಿ ನಾನು "ಮಗು" ಆದೆ.

ಐಸಿಯು ನರ್ಸ್ ಏನು ಮಾಡುತ್ತಾಳೆ ಎಂದು ಜನ ಕೇಳುತ್ತಾರೆ. ಡಾಕ್ಟರು ಬಂದು ಹೋಗುತ್ತಾರೆ, ನಾವು ಇರುತ್ತೇವೆ, ಅಷ್ಟೇ. ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಒಬ್ಬಳು ನರ್ಸ್. ಗಂಟೆಗೊಮ್ಮೆ ನಾಡಿ, ಬಿಪಿ, ಮೂತ್ರ ಬರೆಯಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಕೊಳವೆಯೊಳಗೆ ಸಣ್ಣ ನಳಿಕೆ ಇಳಿಸಿ ಕಫ ಎಳೆಯಬೇಕು. ಆ ಹತ್ತು ಸೆಕೆಂಡು ರೋಗಿಗೆ ಉಸಿರು ಕಟ್ಟುತ್ತದೆ, ನಮ್ಮನ್ನೇ ಯಮದೂತರಂತೆ ನೋಡುತ್ತಾರೆ. ಬಾಯಿ ಒರೆಸಬೇಕು, ಕಣ್ಣಿಗೆ ಹನಿ ಹಾಕಬೇಕು, ತಲೆ ಬಾಚಬೇಕು. ಅದರ ಜೊತೆಗೆ ಎಲ್ಲವನ್ನೂ ಚಾರ್ಟಿನಲ್ಲಿ ಬರೆಯಬೇಕು. "ಬರೆಯದೇ ಇದ್ದದ್ದು ಮಾಡದೇ ಇದ್ದ ಹಾಗೆ" ಎನ್ನುವುದು ಇನ್‌ಚಾರ್ಜ್ ಸಿಸ್ಟರ್ ದಿನಕ್ಕೆ ಮೂರು ಹೊತ್ತು ಹೇಳುತ್ತಿದ್ದ ಮಾತು. ಒಂಬತ್ತನೇ ಹಾಸಿಗೆಗೆ ನಾನು ತಂದುಕೊಟ್ಟ ಚೀಟಿಗಳ ವಿಷಯ ಮಾತ್ರ ಯಾವ ಚಾರ್ಟಿನಲ್ಲೂ ಬರೆಯಲಿಲ್ಲ.

ಅಮ್ಮನ ಯಜಮಾನರು ಬೆಳಿಗ್ಗೆ ಒಂಬತ್ತಕ್ಕೆಲ್ಲ ಹೊರಗಿನ ಹಾಲ್‌ನಲ್ಲಿ ಹಾಜರು. ರೋಹಿಣಿಯಿಂದ ಆಗಷ್ಟೇ ಶುರುವಾಗಿದ್ದ ಮೆಟ್ರೋ, ಅಲ್ಲಿಂದ ಎರಡು ಬಸ್ಸು. ಒಳಗೆ ಬಿಡುವುದು ಸಂಜೆ ಐದಕ್ಕೆ, ಒಬ್ಬರನ್ನು, ಹತ್ತೇ ನಿಮಿಷ. ಅದಕ್ಕೆ ಇಡೀ ದಿನ ಏಕೆ ಕೂರುತ್ತೀರಿ ಎಂದರೆ, "ಮನೇಲಿ ಕೂತು ಏನ್ಮಾಡ್ಲಮ್ಮ" ಎನ್ನುತ್ತಿದ್ದರು. ಐದಕ್ಕೆ ಗೌನು, ಮಾಸ್ಕು, ತಲೆಗೆ ಹಸಿರು ಟೋಪಿ ಹಾಕಿಕೊಂಡು ಒಳಗೆ ಬಂದವರು ಹೆಂಡತಿಯ ಮುಖ ನೋಡುತ್ತಿರಲಿಲ್ಲ. ಮಾನಿಟರನ್ನು ಆಫೀಸಿನ ಫೈಲು ನೋಡಿದ ಹಾಗೆ ನೋಡಿ, ತಲೆಯಾಡಿಸಿ ಹೋಗುತ್ತಿದ್ದರು. ಮಾತೆಲ್ಲ ಬೆಳಗಿನ ಚೀಟಿಗಳಲ್ಲೇ. ಅಮ್ಮ ಬರೆದದ್ದನ್ನು ನಾನು ಹೊರಗೆ ಹೋಗಿ ಬಾಯಲ್ಲಿ ಹೇಳುತ್ತಿದ್ದೆ. ಯಜಮಾನರಿಗೆ ವಯಸ್ಸಿನ ಕೈನಡುಕ, ಸಹಿ ಮಾಡುವುದೂ ಕಷ್ಟ. ಹಾಗಾಗಿ ಉತ್ತರವನ್ನು ಅವರು ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ.

"ಎರಡು ಚಪಾತಿ, ಪಲ್ಯ ತಿಂದೆ ಅಂತ ಬರಿ."

"ತಿಂದ್ರಾ ಸರ್?"

"ಚಾ ಕುಡಿದೆ. ನೀನು ಚಪಾತಿ ಅಂತಲೇ ಬರಿ. ಕರಿಬೇವಿನ ಗಿಡಕ್ಕೆ ನೀರು ಹಾಕಿದೆ ಅಂತಲೂ ಬರಿ."

"ಹಾಕಿದ್ರಾ?"

"ಒಣಗಿ ಹೋಯ್ತು ಅದು. ಬರಿ ನೀನು."

ಅಮ್ಮ ಆ ಚೀಟಿ ಓದಿ, "ಸುಳ್ಳು ಹೇಳ್ತಾರೆ, ಗಿಡ ಒಣಗಿಸಿರ್ತಾರೆ" ಎಂದು ಬರೆದು ತೋರಿಸುತ್ತಿದ್ದರು. ಮೂವತ್ತೊಂಬತ್ತು ವರ್ಷ ಸಂಸಾರ ಮಾಡಿದವರಿಗೆ ಇಷ್ಟೂ ಗೊತ್ತಾಗದೇ ಇರುತ್ತದೆಯೇ? ಆ ಚೀಟಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಸಿ ದಿಂಬಿನ ಪಕ್ಕ ಇಟ್ಟುಕೊಂಡಿದ್ದರು.

ಒಂದು ಬೆಳಿಗ್ಗೆ ಹಾಲ್‌ನಲ್ಲಿ ಅವರ ಕುರ್ಚಿ ಖಾಲಿಯಿತ್ತು. ಅಮ್ಮ ಮೂರು ಸಲ ಕೇಳಿದರು. ನನಗೆ ಆ ಮುದುಕರ ಮೇಲೆ ರೇಗಿತು, ಒಂದು ಫೋನಾದರೂ ಮಾಡಬಾರದೇ ಎಂದು. ಮಧ್ಯಾಹ್ನ ಇನ್‌ಚಾರ್ಜ್ ಸಿಸ್ಟರ್ ಕರೆದು ಬಾಗಿಲಾಚೆ ನಿಲ್ಲಿಸಿದರು. ಅಲ್ಲಿ ಮಗ ಗೋಡೆಗೆ ಒರಗಿ ನಿಂತಿದ್ದ. ತಂದೆ ಮುಂಜಾನೆ ಬಚ್ಚಲುಮನೆಯಲ್ಲಿ ಬಿದ್ದರಂತೆ. ಹೃದಯ ನಿಂತುಹೋಗಿತ್ತು. ಪಕ್ಕದ ಮನೆಯವರು ಬಾಗಿಲು ಒಡೆದು ನೋಡಿದರಂತೆ.

ಅಮ್ಮನಿಗೆ ಆ ದಿನವೂ ಬಿಪಿ ಏರಿಸಲು ಔಷಧಿ ಹೋಗುತ್ತಿತ್ತು. ಈಗ ಹೇಳಿದರೆ ತಡೆಯುವುದಿಲ್ಲ, ಸ್ವಲ್ಪ ದಿನ ಬೇಡ ಎಂದು ಡಾಕ್ಟರು ಹೇಳಿದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಇನ್‌ಚಾರ್ಜ್ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದು, ಹೇಳುವುದು ಬಿಡುವುದು ಮನೆಯವರ ಮತ್ತು ಡಾಕ್ಟರ ಕೆಲಸ, ನಿನ್ನ ಬಾಯಿಂದ ಒಂದು ಮಾತೂ ಹೊರಡಕೂಡದು ಎಂದರು. ಸರಿ, ಬಾಯಿಂದ ಏನೂ ಹೊರಡಲಿಲ್ಲ. ಎಲ್ಲ ಕೈಯಿಂದಲೇ ಆಯಿತು.

ದೆಹಲಿಯಲ್ಲೇ ಬೆಳೆದ ಮಗ. ಕನ್ನಡ ಅರ್ಥವಾಗುತ್ತಿತ್ತು, ಓದಲು ಬರೆಯಲು ಬರುತ್ತಿರಲಿಲ್ಲ. ಮೂರನೆಯ ದಿನ ಸಂಜೆ ಐದಕ್ಕೆ ಬಂದಾಗ ತಲೆ ಬೋಳಿಸಿತ್ತು. ಅದನ್ನು ತಾಯಿ ನೋಡಿದರೆ ಮುಗಿಯಿತು. ಐಸಿಯುನ ಹಸಿರು ಟೋಪಿ ಇತ್ತಲ್ಲ, ಅದನ್ನು ನಾನೇ ಅವನ ಕಿವಿ ಮುಚ್ಚುವವರೆಗೆ ಎಳೆದು, ಹಿಂದೆ ಪ್ಲಾಸ್ಟರ್ ಅಂಟಿಸಿದೆ. ಅಪ್ಪನಿಗೆ ಜ್ವರ, ಕೆಮ್ಮು, ಒಳಗೆ ಬಿಡಲ್ಲ ಎಂದು ಅವನು ಹೇಳಿದ. ಅಮ್ಮ ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಹೊರಗೆ ಬಂದ ಮೇಲೆ ಅವನು ಕೈ ಮುಗಿದ. "ಸಿಸ್ಟರ್, ಪ್ಲೀಸ್, ಚೀಟಿ ನೀವೇ ಏನಾದ್ರೂ ಲಿಖ್ ದೀಜಿಯೇ. ಅಪ್ಪನ ಥರ." ಅಕ್ಷರ ಮೊದಲಿನಿಂದಲೂ ನನ್ನದೇ ಆಗಿದ್ದರಿಂದ ಯಾವ ಅಡ್ಡಿಯೂ ಇರಲಿಲ್ಲ.

ಬೆಳಿಗ್ಗೆ ಮೈ ಒರೆಸಿ, ತಲೆ ಬಾಚಿ, ಅಮ್ಮನ ಹಣೆಗೆ ನನ್ನದೇ ಪ್ಯಾಕೆಟ್ಟಿನಿಂದ ಕೆಂಪು ಸ್ಟಿಕ್ಕರ್ ಇಡುವುದು ನನ್ನ ರೂಢಿಯಾಗಿತ್ತು. ಅದನ್ನೂ ಬಿಡುವ ಹಾಗಿರಲಿಲ್ಲ. ಇಟ್ಟೆ. ಇಡುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಹಾಗಾಗಿ ನನ್ನ ಮುಖ ನೋಡಲಿಲ್ಲ.

ಯಜಮಾನರು ಫೋನಿನಲ್ಲಿ ಹೇಳಿದರೆಂದು, ಮೊದಲ ನಾಲ್ಕೈದು ಚೀಟಿ ಅವರ ಧಾಟಿಯಲ್ಲೇ ಬರೆದೆ. ಗಂಜಿ ಕುಡಿದೆ, ಮಾತ್ರೆ ನುಂಗಿದೆ, ಪೇಪರಿನವನು ಎರಡು ದಿನ ಬರಲಿಲ್ಲ. ಅಮ್ಮ ಓದಿ ಪಕ್ಕಕ್ಕಿಡುತ್ತಿದ್ದರು. ಆದರೆ ಅವರು ಕುಗ್ಗುತ್ತಿದ್ದರು. ವೆಂಟಿಲೇಟರಿನಿಂದ ಸ್ವಲ್ಪ ಹೊತ್ತು ಬಿಡಿಸಿ ಸ್ವಂತ ಉಸಿರಾಡಿಸಲು ನೋಡಿದರೆ ಐದೇ ನಿಮಿಷಕ್ಕೆ ಕೈಚೆಲ್ಲಿ ಕೂರುತ್ತಿದ್ದರು. "ಸಾಕು ಮಗು, ಬಿಟ್ಟುಬಿಡು" ಎಂದು ಬರೆದರು. ಅದನ್ನು ಓದಿ ನನಗೆ ತಡೆಯಲಾಗಲಿಲ್ಲ. ಔಷಧಿ ಕೋಣೆಗೆ ಹೋಗಿ ಒಂದು ಚೀಟಿ ಬರೆದು ತಂದೆ. "ನೀನಿಲ್ಲದೆ ಮನೆ ಮನೆಯ ಹಾಗಿಲ್ಲ. ನನಗೆ ಒಬ್ಬನೇ ಇರಲು ಆಗುತ್ತಿಲ್ಲ. ಬೇಗ ಬಾ."

ಅಮ್ಮ ಅದನ್ನು ಎಷ್ಟು ಹೊತ್ತು ಓದಿದರೋ. ಆಮೇಲೆ ಬರೆದರು, "ಅವರೇ ಹೇಳಿದರಾ?"

ನಾನು ಹೌದೆಂದೆ.

"ಮೂವತ್ತೊಂಬತ್ತು ವರ್ಷಕ್ಕೆ ಇವರ ಬಾಯಿಂದ ಇಂಥ ಮಾತು ಬಂತು ನೋಡು" ಎಂದು ಬರೆದು, ಚೀಟಿಯಿಂದ ಮುಖ ಮುಚ್ಚಿಕೊಂಡರು. ಹೊಸ ಮದುವಣಗಿತ್ತಿಯ ಹಾಗೆ ನಾಚಿಕೊಂಡಿದ್ದರು. ಆ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಸತ್ಯಕ್ಕೆ ಸಾವಿಲ್ಲ, ಸುಳ್ಳಿಗೆ ಸುಖವಿಲ್ಲ ಎನ್ನುತ್ತಾರೆ. ಹಾಗೆಂದವರು ಐಸಿಯುನಲ್ಲಿ ಡ್ಯೂಟಿ ಮಾಡಿರಲಿಕ್ಕಿಲ್ಲ. ಆ ಸುಳ್ಳಿಗೆ ಸುಖವಿತ್ತು, ನಾನು ಕಂಡಿದ್ದೇನೆ. ಮರುದಿನ ಅಮ್ಮ ಸ್ವಂತ ಉಸಿರಿನ ಮೇಲೆ ಅರ್ಧ ಗಂಟೆ ಇದ್ದರು. ಅದರ ಮರುದಿನ ಎರಡು ಗಂಟೆ. ಬೆವರು ಹರಿದು ದಿಂಬು ನೆನೆದರೂ ಮೆಷಿನ್ ಬೇಡ ಎಂದು ಕೈಯಾಡಿಸಿದರು. ಫಿಸಿಯೋಥೆರಪಿಯ ಹುಡುಗಿ ಎಬ್ಬಿಸುವ ಮೊದಲೇ ತಾವೇ ಕಾಲು ಎತ್ತುತ್ತಿದ್ದರು. ವಿಲ್ ಪವರ್ ಅಂದರೆ ಇದು ಎಂದು ಡಾಕ್ಟರು ಹಾಸಿಗೆಯ ಸುತ್ತ ನಿಂತ ಕಿರಿಯರಿಗೆ ತೋರಿಸಿದರು. ಆ ಹೆಂಗಸು ಒಂದೊಂದೇ ಉಸಿರು ಎಳೆದುಕೊಂಡು ಹೋಗುತ್ತಿದ್ದುದು ಯಾರೂ ಇಲ್ಲದ ಮನೆಗೆ.

ಹತ್ತು ದಿನದಲ್ಲಿ ವೆಂಟಿಲೇಟರ್ ಪೂರ್ತಿ ಬಿಟ್ಟಿತು. ಕೊಳವೆಯ ಬಾಯಿಗೆ ಒಂದು ಸಣ್ಣ ಮುಚ್ಚಳ ಹಾಕಿದರು, ಅದರಿಂದ ದನಿ ಬರುತ್ತದೆ. ಅಮ್ಮ ಆಡಿದ ಮೊದಲ ಮಾತು "ಮಗು" ಎಂದು. ಒಡೆದ ದನಿ. ಎರಡನೆಯದು, "ಇವರನ್ನ ಕರಿ."

ಇನ್ನು ವಾರ್ಡಿಗೆ ಹೋದರೆ ಊರಿನಿಂದ ಬಂದ ನೆಂಟರು ಅತ್ತುಕೊಂಡು ಬರುತ್ತಾರೆ, ಅದಕ್ಕೆ ಮೊದಲೇ ಇಲ್ಲಿಯೇ ಹೇಳಿಬಿಡಿ ಎಂದರು ಡಾಕ್ಟರು. ಮಗ ಐದಕ್ಕೆ ಬಂದ. ಡಾಕ್ಟರು ಒಂದು ಪಕ್ಕ, ನಾನು ಇನ್ನೊಂದು ಪಕ್ಕ. ಅವನು, "ಅಮ್ಮ, ಅಪ್ಪ..." ಎಂದು ಎರಡು ಸಲ ಶುರು ಮಾಡಿ ನಿಲ್ಲಿಸಿದ. ಕೈ ಎತ್ತಿ ತಲೆಯ ಮೇಲಿನ ಟೋಪಿ ತೆಗೆದುಬಿಟ್ಟ.

ಬೋಳಿಸಿದ ತಲೆಯಲ್ಲಿ ಆಗಲೇ ಕೂದಲು ಮೊಳೆಯುತ್ತಿತ್ತು. ಅಮ್ಮ ನೋಡಿದರು. ಅವರ ಕೈ ಮೊದಲು ಹೋದದ್ದು ತಮ್ಮ ಹಣೆಗೆ. ಅಲ್ಲಿದ್ದುದನ್ನು ಮುಟ್ಟಿ ನೋಡಿ ಹಾಗೇ ನಿಂತಿತು. "ಯಾವತ್ತು?" ಎಂದರು. ಮಗ ಬೆರಳು ಎಣಿಸಿ, "ಹದಿನೆಂಟು ದಿನ ಆಯ್ತಮ್ಮ" ಎಂದ.

ಅವರು ಅಳಲಿಲ್ಲ. ದಿಂಬಿನ ಪಕ್ಕದ ಚೀಲಕ್ಕೆ ಕೈ ಹಾಕಿ ಆ ಒಂದು ಚೀಟಿಯನ್ನು ತೆಗೆದು ನನ್ನ ಕಡೆ ಹಿಡಿದರು. "ಹಾಗಾದ್ರೆ ಇದು?"

ಏನು ಬೇಕಾದರೂ ಹೇಳಬಹುದಿತ್ತು. ಹೋಗುವ ಹಿಂದಿನ ದಿನವೇ ಹೇಳಿ ಬರೆಸಿದ್ದರಮ್ಮಾ, ನಾನು ಕೊಡುವುದು ತಡವಾಯಿತು ಎಂದಿದ್ದರೆ ಸಾಕಿತ್ತು. ಅವರು ನಂಬುತ್ತಿದ್ದರು. ಸಾಯುವ ತನಕ ಆ ಚೀಟಿ ಅವರ ಹತ್ತಿರ ಇರುತ್ತಿತ್ತು. ಆದರೆ ಅಷ್ಟು ದಿನ ಸುಳ್ಳು ಹೊತ್ತು ನನಗೆ ಸಾಕಾಗಿತ್ತು.

"ಅದು ನಾನೇ ಬರೆದದ್ದಮ್ಮಾ" ಎಂದೆ.

ಗಾಯದ ಮೇಲೆ ಬರೆ ಎಂದರೆ ಇದೇ. ನಾನು ಹಗುರಾದೆ. ಅವರ ಕೈಯಲ್ಲಿ ಉಳಿದಿದ್ದ ಒಂದೇ ಒಂದನ್ನೂ ಕಿತ್ತುಕೊಂಡೆ. ಅಂದಿನಿಂದ ಇಂದಿನವರೆಗೆ ಎಷ್ಟೋ ಜನರ ಉಸಿರು ನನ್ನ ಕೈಯಲ್ಲಿ ನಿಂತಿದೆ, ನನ್ನ ತಪ್ಪಿನಿಂದ ಯಾರೂ ಸತ್ತಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಆದರೆ ಆ ಸಂಜೆ ನಾನು ಸತ್ಯ ಹೇಳಿದ್ದು ಅವರಿಗಾಗಿ ಅಲ್ಲ, ನನಗಾಗಿ. ಅದಕ್ಕೆ ನನಗೆ ಕ್ಷಮೆ ಇಲ್ಲ.

ಅಮ್ಮ ಚೀಟಿಯನ್ನು ಇನ್ನೊಮ್ಮೆ ಓದಿದರು. "ಅವರು ಇಂಥ ಮಾತು ಆಡೋರಲ್ಲ" ಎಂದರು ಕೊನೆಗೆ. "ನಂಗಾದ್ರೂ ಬುದ್ಧಿ ಇರಬೇಕಿತ್ತು." ಚೀಟಿಯನ್ನು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿದರು. ಅವತ್ತು ಮಗ್ಗುಲಾಗಲು ನನ್ನ ಸಹಾಯ ಬೇಕಾಗಲಿಲ್ಲ.

ಮರುದಿನ ನನ್ನದು ಬೆಳಗಿನ ಪಾಳಿ. ಅಮ್ಮ ಎದ್ದೇ ಇದ್ದರು. ತುಟಿ ಒಣಗಿ ಸಿಪ್ಪೆಯೆದ್ದಿತ್ತು. ಹತ್ತಿರ ಹೋಗಿ, "ನೀರು ಕೊಡ್ಲಾ ಅಮ್ಮಾ?" ಎಂದೆ. ಅವರು ಹೊದಿಕೆಯ ಅಂಚು ಎಳೆದು ಸರಿಮಾಡಿಕೊಂಡರು. ನಾನು ಬಟ್ಟಲು, ಚಮಚ ಹಿಡಿದುಕೊಂಡು ನಿಂತೇ ಇದ್ದೆ. ಸ್ವಲ್ಪ ಹೊತ್ತಿನ ಮೇಲೆ ನನ್ನ ಮುಖ ನೋಡದೆ, ತರಕಾರಿಯವನ ಹತ್ತಿರ ಬಿಟ್ಟು ಬೇರೆಲ್ಲೂ ಆಡಿರದ ಹಿಂದಿಯಲ್ಲಿ ಒಂದೊಂದೇ ಪದ ಹುಡುಕಿ ಹೇಳಿದರು.

"ಸಿಸ್ಟರ್, ಥೋಡಾ ಪಾನೀ ದೀಜಿಯೇ."

"ಜೀ" ಎಂದು ನೀರು ಕುಡಿಸಿದೆ. ಅವರು ವಾರ್ಡಿಗೆ ಹೋಗುವ ತನಕ, ಇನ್ನೆರಡು ದಿನ, ನಾವಿಬ್ಬರೂ ಹಿಂದಿಯಲ್ಲೇ ಮಾತಾಡಿದೆವು.