ಕಾಲಿಂಚು ಕಡಿಮೆ ಗಾಜು

ನಮ್ಮ ಭಾವನನ್ನು ಬೀದಿಯವರೆಲ್ಲ ಅಳತೆ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅಕ್ಕನನ್ನು ಕೇಳಲು ಮನೆಗೆ ಬಂದ ದಿನವೂ ಹುಡುಗಿಗಿಂತ ಮೊದಲು ಕಿಟಕಿ ನೋಡಿ, ಉದ್ದ ಅಗಲ ಹೇಳಿದ ಆಸಾಮಿ. ಟೇಪು ಹಿಡಿದರೆ ಒಂದು ಕೂದಲೆಳೆಯೂ ಹೆಚ್ಚುಕಡಿಮೆ ಇರಲಿಲ್ಲ. ಅಂಥವರು ಯುದ್ಧ ನಿಂತ ಮೇಲೆ ಕತ್ತರಿಸಿದ ಗಾಜೆಲ್ಲ ಕಾಲಿಂಚು ಕಡಿಮೆ ಬರತೊಡಗಿತು. ಚೌಕಟ್ಟಿನಲ್ಲಿ ನಿಲ್ಲುತ್ತಿರಲಿಲ್ಲ. ಅಳತೆ ತಪ್ಪಿತು ಎಂದು ತಲೆ ತಗ್ಗಿಸಿ, ಆ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಹೊಡೆದು ಬರುತ್ತಿದ್ದರು.

ಗಾಜಿನ ಅಂಗಡಿಯಲ್ಲಿ ಅವರ ಜೊತೆಗಿದ್ದವನು ನಾನು. ವಯಸ್ಸಾಯಿತೇನೋ ಅಂದುಕೊಂಡು ಸುಮ್ಮನಿದ್ದೆ. ಆಸ್ಪತ್ರೆಯವರು ಹನ್ನೊಂದು ಗಾಜು ಹಿಂದಕ್ಕೆ ಕಳಿಸಿದ ದಿನ ಮಾತ್ರ ಪಿತ್ತ ನೆತ್ತಿಗೇರಿತು. ನನ್ನ ಕೋಪ ಮೊದಲೇ ಮೂಗಿನ ತುದಿಯಲ್ಲಿ. ನಾನೇ ಅಳೆದು ಗೆರೆ ಹಾಕಿಕೊಟ್ಟೆ. ಅವರು ಕಟರನ್ನು ಗೆರೆಯ ಮೇಲಿಟ್ಟರು, ಉಸಿರು ಬಿಗಿಹಿಡಿದರು, ನನ್ನ ಕಣ್ಣೆದುರೇ ಕೈಯನ್ನು ಕಾಲಿಂಚು ಒಳಗೆ ಸರಿಸಿ ಎಳೆದರು. ಬೇಕೆಂದೇ ಹಾಗೆ ಮಾಡುತ್ತಿದ್ದಾರೆಂದು ಆಗ ತಿಳಿಯಿತು.

ಇದರ ಹಿಂದಿನ ಕಥೆ ಮನೆಮಂದಿಗೆಲ್ಲ ಗೊತ್ತಿದ್ದದ್ದೇ, ಯಾರೂ ಆ ಮಾತೆತ್ತುತ್ತಿರಲಿಲ್ಲ ಅಷ್ಟೇ. ಅಕ್ಕ ಬಟ್ಟೆ ಹೊಲಿಯುವವಳು. ಬೆಳಕು ಸಾಲದು ಅಂದಿದ್ದಳು. ಭಾವ ಪುಟ್ಟ ಕಿಟಕಿಯನ್ನು ಒಡೆಸಿ, ಎರಡರಷ್ಟು ದೊಡ್ಡ ಗಾಜು ಕೂರಿಸಿಕೊಟ್ಟರು. ಒಂದೂವರೆ ತಿಂಗಳಲ್ಲಿ ಯುದ್ಧ ಬಂತು, ಹಿಂದಿನ ಬೀದಿಗೆ ಬಾಂಬು ಬಿತ್ತು, ಅಷ್ಟೂ ಗಾಜು ಅಕ್ಕನ ಮೇಲೆ ಸುರಿದು ಎಡಗಣ್ಣು ಹೋಯಿತು. ಯಾಕೆ ಹೀಗೆ ಮಾಡ್ತೀರಿ ಎಂದು ನಾನು ಕೇಳಿದ್ದಕ್ಕೆ, ಅಂದಿನಿಂದ ಯಾವ ಗಾಜು ಕತ್ತರಿಸಲು ಹೋದರೂ ಅದರ ಹಿಂದೆ ಕೂರುವವರ ಮುಖ ಕಾಣುತ್ತದೆ ಎಂದರು ಭಾವ. ನಾನು ಕರಗಬೇಕಿತ್ತು. ಬದಲಿಗೆ, ಯುದ್ಧ ನಿಮ್ಮೊಬ್ಬರಿಗೇ ಬಂದಿತ್ತಾ, ನಾನು ಗಟ್ಟಿಯಾಗಿ ನಿಂತಿಲ್ಲವಾ ಎಂದು ಎಗರಾಡಿಬಿಟ್ಟೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ವಿಷಯ ಅಕ್ಕನ ಕಿವಿಗೆ ಬಿತ್ತು. ಮರುದಿನ ಬೆಳಗ್ಗೆ ಅವಳು ಅದೇ ಕಿಟಕಿಯ ಪ್ಲಾಸ್ಟಿಕ್ ಹಾಳೆ ಕಿತ್ತೆಸೆದು, ಅದರ ಕೆಳಗೇ ಕುರ್ಚಿ ಹಾಕಿಕೊಂಡು ಕೂತಳು. ಇವತ್ತು ಇಲ್ಲಿ ಗಾಜು ಕೂರದಿದ್ದರೆ ನಾಳೆಯಿಂದ ಅಂಗಡಿ ಬಾಗಿಲು ತೆಗೆಯುವುದೇ ಬೇಡ ಎಂದಳು. ಭಾವ ಕತ್ತರಿಸಿ ತಂದರು. ಕಾಲಿಂಚು ಕಡಿಮೆ. ಎರಡನೆಯದೂ ಅಷ್ಟೇ. ಅಂಗಿ ಬೆವರಿಗೆ ಅವರ ಬೆನ್ನಿಗೆ ಅಂಟಿಕೊಂಡಿತ್ತು.

“ಬಾಂಬ್ ಹಾಕಿದವನು ನನ್ನ ಕಣ್ಣಿಗೋಸ್ಕರ ಒಂದಿನಾನೂ ಅತ್ತಿರಲ್ಲ,” ಎಂದಳು ಅಕ್ಕ. “ಅವನ ಪಾಲಿಂದೂ ನೀವ್ಯಾಕೆ ಅಳ್ತೀರಿ? ನಂಗೆ ಬೆಳಕು ಬೇಕು ರೀ.”

ಮೂರನೆಯ ಗಾಜು ಚೌಕಟ್ಟಿಗೆ ಸರಿಯಾಗಿ ಕೂತಿತು. ಭಾವ ಎರಡೂ ಅಂಗೈಯಿಂದ ಅದನ್ನು ಒತ್ತಿ ಹಿಡಿದರು. ಸುತ್ತ ಮರದ ಪಟ್ಟಿ ಹೊಡೆಯುವ ಕೆಲಸ ನನ್ನದು. ಮೊದಲ ಮೊಳೆ ಕೈಗೆತ್ತಿಕೊಂಡೆ, ಅಷ್ಟರಲ್ಲಿ ಬೀದಿಯಲ್ಲಿ ಲಾರಿಯೊಂದರ ಟೈರು ಸಿಡಿಯಿತು.

ಗಾಜು ಅದುರಿದ್ದು ನೋಡಿದೆ. ಆಮೇಲಿನದು ನೆನಪಿಲ್ಲ. ಕಣ್ಣು ಬಿಟ್ಟಾಗ ನಾನು ಮಂಚದ ಕೆಳಗೆ ಮುದುಡಿಕೊಂಡಿದ್ದೆ. ಹಣೆ ನೆಲಕ್ಕೆ ಒತ್ತಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಭಾವ ಕಿಟಕಿ ಬಿಟ್ಟು ಒಂದು ಹೆಜ್ಜೆಯೂ ಕದಲಿರಲಿಲ್ಲ. ಕೈ ಬಿಟ್ಟಿದ್ದರೆ ಗಾಜು ಅಕ್ಕನ ತಲೆಯ ಮೇಲೆ ಬೀಳುತ್ತಿತ್ತು. ಅವರ ಎರಡೂ ಕಾಲು ಗಡಗಡ ನಡುಗುತ್ತಿದ್ದದ್ದು ಮಂಚದ ಕೆಳಗಿನಿಂದ ನನಗೆ ಕಾಣುತ್ತಿತ್ತು.

ನಿನ್ನೆಯ ಮಾತನ್ನೆಲ್ಲ ನನಗೇ ತಿರುಗಿಸಿ ಬಯ್ಯುತ್ತಾರೆಂದು ಕಾದೆ. ಅವರು ಮುಖ ತಿರುಗಿಸದೆಯೇ, “ಎಷ್ಟು ದಿನದಿಂದ ಹಿಂಗೆ?” ಎಂದು ಕೇಳಿದರು.

“ಮೊದಲಿಂದಾನೂ, ಭಾವ,” ಎಂದೆ. ಅಳು ತಡೆಯಲಾಗಲಿಲ್ಲ.

“ನಿಧಾನಕ್ಕೆ ಬಾ,” ಎಂದರು. “ಅಲ್ಲೀವರೆಗೂ ನಾನು ಹಿಡ್ಕೊಂಡಿರ್ತೀನಿ.”