ತ್ರಾಸಿನ ಬಟನ್ನೂ ನನ್ನ ತ್ರಾಸೂ

ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತ್ರಾಸಿನ ಬಟನ್ ಒತ್ತಿದೊಡನೆ ಕುಂಯ್ ಎನ್ನುವುದನ್ನು ನೀವೂ ಕೇಳಿರುತ್ತೀರಿ. ಆ ಸದ್ದಿಗೆ ನನಗೆ ಮಾತ್ರ ಈಗಲೂ ಸಿಟ್ಟು ನೆತ್ತಿಗೇರುತ್ತದೆ. ಬಟನ್ನೆಂದು ನಾವು ಭ್ರಮಿಸುವುದು ವಾಸ್ತವದಲ್ಲಿ ಬಳುಕುವ ಎರಡು ಪ್ಲಾಸ್ಟಿಕ್ ಹಾಳೆಗಳು. ಅವುಗಳ ಮೇಲೆ ಬೆಳ್ಳಿ ಬೆರೆತ ಶಾಯಿಯಲ್ಲಿ ಮುದ್ರಿಸಿದ ಗೆರೆಗಳು ಒಂದಕ್ಕೊಂದು ತಾಗಿದಾಗ ವಿದ್ಯುತ್ತು ಹರಿಯುತ್ತದೆ.

ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ಶಿರಸಿಯಲ್ಲಿ ನನ್ನದೊಂದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಿತ್ತು. ತಾಲೂಕಿನ ಮದುವೆ ಕರೆಯೋಲೆಗಳ ಸಮಸ್ತ ಗಣಪತಿಗಳೂ ನನ್ನ ಕೈಯಿಂದಲೇ ಅವತರಿಸಿದವರೆಂಬ ಗರ್ವ ಬೇರೆ. ಪತಿದೇವರು ಸಿದ್ದಾಪುರದಲ್ಲಿ ಮೇಷ್ಟ್ರು. ಸಂಜೆ ಬಸ್ಸಿಳಿದು ಬಂದು ಅಂಗಡಿಯಲ್ಲಿ ಪೇಪರ್ ಓದುವುದು ಅವರ ಉಪವೃತ್ತಿ.

ಹುಬ್ಬಳ್ಳಿ ಕಡೆಯ ತ್ರಾಸು ತಯಾರಕರೊಬ್ಬರು ಇಂಥ ಹಾಳೆ ಮುದ್ರಿಸಿಕೊಡಬಹುದೇ ಎಂದು ಕೇಳಲು ಬಂದರು. ಮಾಲೀಕರೆಲ್ಲಿ ಎಂದರು, ನಾನೇ ಎಂದೆ. ಅವರು ನಕ್ಕು, ಯಜಮಾನರು ಬರುವತನಕ ಕಾದರು. ಬಂದ ಯಜಮಾನರು ಎಲ್ಲದಕ್ಕೂ ಗಂಭೀರವಾಗಿ ತಲೆಯಾಡಿಸಿದರು.

ಕೆಲಸ ಮಾಡಿದವಳು ನಾನು. ಮಳೆಗಾಲದ ತೇವಕ್ಕೆ ಶಾಯಿ ಒಣಗದು. ಬಲ್ಬು ಉರಿಸಿದ ತಗಡಿನ ಪೆಟ್ಟಿಗೆಯಲ್ಲಿಟ್ಟು ಒಣಗಿಸಿದರೆ, ಹಾಳೆ ಬಗ್ಗಿಸಿದೊಡನೆ ಗೆರೆ ಬಿರಿಯುತ್ತಿತ್ತು. ಹಾಳೆಯ ಮೇಲೆ ಹಾಳೆ ಕೆಡಿಸಿದ ಮೇಲೆ, ಶಾಯಿಯ ಪದರ ದಪ್ಪವಾಯಿತೆಂದು ಹೊಳೆದು, ನವುರು ಬಲೆಯ ಸ್ಕ್ರೀನಿನಲ್ಲಿ ತೆಳ್ಳಗೆ ಎಳೆದೆ. ಈ ಸಲ ಹಾಳೆಯನ್ನು ಸುರುಳಿ ಸುತ್ತಿ ಬಿಚ್ಚಿದರೂ ಗೆರೆಗೆ ತಾಗಿಸಿದ ಪರೀಕ್ಷೆಯ ಪುಟ್ಟ ದೀಪ ಹತ್ತಿತು. ಖಾಲಿ ಅಂಗಡಿಯಲ್ಲಿ ಒಬ್ಬಳೇ ಕುಣಿದೆ.

ಗಿರಾಕಿ ಬಂದರು, ಬಗ್ಗಿಸಿ ನೋಡಿದರು, ನನ್ನನ್ನು ದಾಟಿ ಹೋಗಿ ನಮ್ಮವರ ಕೈ ಕುಲುಕಿದರು.

"ಭಾಳ ಛಲೋ ಮಾಡೀರಿ ಸರ್."

ನಮ್ಮವರು ಪೇಪರ್ ಮಡಿಸಿ, "ಸ್ವಲ್ಪ ತ್ರಾಸಾತು," ಎಂದರು.

ತ್ರಾಸೆಂದರೆ ನಮ್ಮಲ್ಲಿ ತಕ್ಕಡಿಯೂ ಹೌದು, ಕಷ್ಟವೂ ಹೌದು. ಇವರ ಪಾಲಿಗೆ ಬಂದದ್ದು ಯಾವುದೆಂದು ನನಗಿನ್ನೂ ತಿಳಿಯದು. ಶಾಯಿ ಎಳೆಯುವ ರಬ್ಬರು ಪಟ್ಟಿಯನ್ನು ಶಾಯಿ ಸಮೇತ ಅವರ ಪೇಪರಿನ ಮೇಲಿಟ್ಟೆ.

"ಹಂಗಾರೆ ಮುಂದಿನ ಹಾಳೆ ನೀವೇ ಹೊಡಿರಿ."

ಅವರು ಪಟ್ಟಿಯ ಯಾವ ತುದಿ ಹಿಡಿಯುವುದೆಂದು ತಿಳಿಯದೆ ಕುಳಿತರು. ಗಿರಾಕಿಗೆ ಸಂಗತಿ ಅರ್ಥವಾಯಿತು. ಆದರೂ ಕೇಳಿದ್ದು ನಮ್ಮವರನ್ನೇ: "ಅಕ್ಕಾರನ್ನ ಈ ಕೆಲಸಕ್ಕ ಬಿಡ್ತೀರೇನ್ರಿ?"

ನಮ್ಮವರು ನನ್ನ ಮುಖ ನೋಡಿ ಬೆದರಿ, "ಅದ್ರ ಹತ್ರನೇ ಕೇಳಿ," ಎಂದರು.

ನಮ್ಮ ಮನೆಮಾತಿನಲ್ಲಿ ಹೆಂಡತಿಯೂ 'ಅದು'. ವ್ಯಾಕರಣವೇ ನಮ್ಮನ್ನು ನಪುಂಸಕಲಿಂಗಕ್ಕೆ ಸೇರಿಸಿ ಕೈತೊಳೆದುಕೊಂಡಿದೆ. ಬಯಲುಸೀಮೆಯ ಆ ಪುಣ್ಯಾತ್ಮರಿಗೆ ಇದೆಲ್ಲಿ ಗೊತ್ತು? 'ಅದು' ಯಾವುದೆಂದು ಮೇಜಿನ ಮೇಲೆ, ಸ್ಕ್ರೀನಿನ ಚೌಕಟ್ಟಿನ ಹಿಂದೆ ಹುಡುಕತೊಡಗಿದರು.

"ಅದು ಅಂದ್ರೆ ನಾನು," ಎಂದೆ. "ಈಗ ನನ್ನ ಹತ್ರ ಮಾತಾಡಿ."

ಅವರು ತಡವರಿಸಿ, ಮೊದಲ ಬಾರಿಗೆ ನನ್ನ ಮುಖ ನೋಡಿ, ತಮಗೆ ಬೇಕಾದ ಹಾಳೆಗಳ ವಿಷಯ ಹೇಳತೊಡಗಿದರು. ನಮ್ಮವರು ಸದ್ದಿಲ್ಲದೆ ಎದ್ದು ಚಹಾ ತರಲು ಹೋದರು.